ಹಿಮ ಒರೆಸದ ಕಲ್ಲುಗಳು

ನಮ್ಮೂರಿನ ರೇಡಿಯೋದಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ರಾಜಕೀಯ ಮಾತಾಡುವವನು ನಾನು, ಒಬ್ರಾದ್. ಹನ್ನೊಂದು ವರ್ಷದಿಂದ ಕಾರ್ಯಕ್ರಮ ಮುಗಿಸುವುದು ಒಂದೇ ಮಾತಿನಿಂದ: 'ತಪ್ಪು ಮಾಡಿದ್ದರೆ ಬಾಯಿಬಿಟ್ಟು ಹೇಳಿ, ಮೇಯರ್ ಸಾಹೇಬರೇ.' ಮೇಯರ್ ಒಮ್ಮೆಯೂ ಹೇಳಿದವನಲ್ಲ. ಅವನು ಹೇಳದಿದ್ದಷ್ಟೂ ನನಗೆ ಒಳಗೊಳಗೇ ಖುಷಿ, ಅದನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಕಳೆದ ಚುನಾವಣೆಯಲ್ಲಿ ಅವನು ಗೆದ್ದದ್ದು ಮೂವತ್ತಾರು ಮತಗಳಿಂದ. ಮತ ಹಾಕಿದವರ ಸಹಿಪಟ್ಟಿಯ ಪ್ರತಿಯನ್ನು ಎದುರು ಪಕ್ಷದವರು ನನ್ನ ಕೈಗೆ ಕೊಟ್ಟರು. ಅದನ್ನು ಹಿಡಿದುಕೊಂಡು ಜನವರಿಯ ಹಿಮದಲ್ಲಿ ಸ್ಮಶಾನಕ್ಕೆ ಹೋದೆ. ಕಲ್ಲುಗಳು ಅರ್ಧಕ್ಕೆ ಹೂತಿದ್ದವು, ಮೇಲಿನ ಹೆಸರು, ಫೋಟೋ ಮಾತ್ರ ಕಾಣುತ್ತಿತ್ತು. ಕಲ್ಲಿನಲ್ಲೂ ಪಟ್ಟಿಯಲ್ಲೂ ಇದ್ದ ಹೆಸರುಗಳಿಗೆಲ್ಲ ಗೀಟು ಹಾಕಿದೆ. ನಲವತ್ತೊಂದು ಸಿಕ್ಕವು. ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

'ನಲವತ್ತೊಂದು ಸತ್ತವರು ಎದ್ದು ಬಂದು ಮತ ಹಾಕಿದ್ದಾರೆ' ಎಂದು ರೇಡಿಯೋದಲ್ಲಿ ಗುಡುಗಿದೆ. ಮಾದರಿಗೆಂದು ಎರಡು ಹೆಸರನ್ನೂ ಓದಿದೆ: ಗಾಡಿ ರಿಪೇರಿಯ ರಾದಿಸಾವ್, ಅವನ ಹೆಂಡತಿ ಸ್ತಾನಿಯಾ. ಇಡೀ ಪಟ್ಟಿ ಚುನಾವಣಾ ಆಯೋಗಕ್ಕೆ ಹೋಯಿತು. ಮುಂದಿನ ವಾರದ ಗುರುವಾರ ವಿಚಾರಣೆ ಎಂದು ಗೊತ್ತಾಯಿತು.

ಅದೇ ವಾರದ ಕೊನೆಗೆ, ಸತ್ತವರನ್ನು ನೆನೆಯುವ ಹಿರಿಯರ ಶನಿವಾರ ಬಂತು. ಹಿಮ ಕರಗಿತ್ತು. ಊರೆಲ್ಲ ಸ್ಮಶಾನದಲ್ಲಿತ್ತು, ಮೇಣದಬತ್ತಿ, ವೈನು, ಸತ್ತವರ ಹೆಸರಲ್ಲಿ ಬೇಯಿಸಿದ ಗೋಧಿಯ ಸಿಹಿ ಹಿಡಿದುಕೊಂಡು. ನಾನು ಅಮ್ಮನ ಕಲ್ಲಿಗೆ ಬತ್ತಿ ಹಚ್ಚಿ ಎದ್ದಾಗ ಎರಡು ಸಾಲಿನ ಆಚೆ ಒಬ್ಬ ಮುದುಕಿ ಸ್ಟೂಲು ಹಾಕಿಕೊಂಡು, ಬಟ್ಟೆ ಒದ್ದೆ ಮಾಡಿ ಕಲ್ಲಿನ ಮೇಲಿನ ಫೋಟೋ ಉಜ್ಜುತ್ತಿದ್ದಳು. ಫೋಟೋದಲ್ಲಿದ್ದದ್ದೂ ಅವಳೇ.

"ಬಾರಪ್ಪಾ ರೇಡಿಯೋ," ಅಂದಳು. "ನಿನ್ನ ಲೆಕ್ಕದಲ್ಲಿ ನಾನು ಇದರೊಳಗಿರ್ಬೇಕಿತ್ತು. ಇಕ್ಕಟ್ಟಾಗುತ್ತೆ ಅಂತ ಹೊರಗೆ ಕೂತಿದ್ದೀನಿ."

"ಸ್ತಾನಿಯಾ ಅಜ್ಜಿ..."

"ಗೋಧಿ ತಿನ್ನು. ನನ್ನ ಹೆಸರಲ್ಲೇ ಮಾಡಿದ್ದು ಅಂದ್ಕೋ."

"ಒಂದು ಫೋನ್ ಆದ್ರೂ ಮಾಡ್ಬಾರ್ದಿತ್ತಾ?"

"ಸತ್ತೋಳು ಫೋನ್ ಮಾಡಿದ್ರೆ ನೀನು ಹೆದರ್ಕೊಳ್ಳಲ್ವಾ?"

ಕಲ್ಲಿನ ಬುಡ ನೋಡಿದೆ. ರಾದಿಸಾವನ ಹೆಸರಿನ ಕೆಳಗೆ ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ಇದ್ದವು. ಅವನು ಹೋಗಿ ಆರು ವರ್ಷ. ಅವಳ ಹೆಸರಿನ ಕೆಳಗೆ ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಆಮೇಲೆ ಖಾಲಿ. ನಮ್ಮಲ್ಲಿ ಗಂಡನ ಕಲ್ಲು ನಿಲ್ಲಿಸುವಾಗಲೇ ಹೆಂಡತಿಯದ್ದನ್ನೂ ಕೆತ್ತಿಸಿಬಿಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇ? ನನ್ನ ಅಮ್ಮನೇ ಒಂಬತ್ತು ವರ್ಷ ತನ್ನ ಹೆಸರಿದ್ದ ಕಲ್ಲಿಗೆ ಹೂ ಇಟ್ಟು ಬಂದವಳು.

ಅವತ್ತು ಸಂಜೆಯವರೆಗೆ ಪಟ್ಟಿ ಹಿಡಿದು ಒಂದೊಂದೇ ಕಲ್ಲಿನ ಬುಡ ನೋಡುತ್ತ ಹೋದೆ. ಹತ್ತೊಂಬತ್ತು ಹೆಸರುಗಳ ಕೆಳಗೆ ಜಾಗ ಖಾಲಿ ಇತ್ತು. ಇಪ್ಪತ್ತೆರಡರ ಕೆಳಗೆ ಸತ್ತ ವರ್ಷ ಇತ್ತು, ಎಲ್ಲವೂ ಚುನಾವಣೆಗೂ ಮುಂಚಿನವು.

ಭಾನುವಾರ ಒಂಬತ್ತಕ್ಕೆ ನಿಲಯದ ಮುಖ್ಯಸ್ಥೆ ಸ್ಮಿಲ್ಯಾಗೆ ಎಲ್ಲ ಹೇಳಿದೆ. ಅವಳು ಕಾಫಿ ಕೆಳಗಿಟ್ಟಳು.

"ಅಜ್ಜಿ ಒಬ್ರಿಗೆ ಕ್ಷಮೆ ಕೇಳು. ಮಿಕ್ಕ ಹದಿನೆಂಟರ ವಿಷಯ ಯಾರಿಗೂ ಗೊತ್ತಿಲ್ಲ. ಗುರುವಾರದವರೆಗೆ ಬಾಯಿ ಮುಚ್ಕೊಂಡಿರು."

"ಆಗಲ್ಲ."

"ಇಪ್ಪತ್ತೆರಡು ಅಂದ್ರೆ ಮೇಯರ್ ಕುರ್ಚಿ ಅಲ್ಲಾಡಲ್ಲ ಕಣೋ. ಮೂವತ್ತಾರು ದಾಟ್ಬೇಕು. ನಿನ್ನ ಕೈಯಾರೆ ಅವನನ್ನ ಗೆಲ್ಲಿಸ್ತೀಯಾ?"

"ಕುರ್ಚಿ ಅಲ್ಲಾಡದಿದ್ರೆ ಬೇಡ. ಇಪ್ಪತ್ತೆರಡು ಸಹಿ ಹಾಕಿದ್ದು ಯಾರು ಅಂತಾದ್ರೂ ಗೊತ್ತಾಗ್ಲಿ. ಹನ್ನೊಂದು ವರ್ಷದಿಂದ ಅವನಿಗೆ ಹೇಳಿದ್ದನ್ನ ಇವತ್ತು ನಾನು ಮಾಡದಿದ್ರೆ ಮುಂದಿನ ವಾರದಿಂದ ಮೈಕಿನ ಮುಂದಿನ ಕುರ್ಚಿಲಿ ನೀನೇ ಕೂತ್ಕೋ."

ಅವಳು ಬೈದಳು. ಆದರೆ ಮೈಕು ತೆರೆದಳು.

"ಹೋದ ವಾರ ನಲವತ್ತೊಂದು ಅಂದೆ," ಎಂದು ಶುರು ಮಾಡಿದೆ. "ಅದು ತಪ್ಪು. ಹತ್ತೊಂಬತ್ತು ಜನ ಬದುಕಿದ್ದಾರೆ, ಅವರ ಮತ ಅವರದ್ದೇ. ಈ ತಪ್ಪು ಆ ಪಟ್ಟಿ ಕೊಟ್ಟವರದ್ದಲ್ಲ, ನನ್ನದು. ಕಲ್ಲಿನ ಮೇಲಿನ ಹಿಮ ಒರೆಸುವ ತಾಳ್ಮೆ ನನಗಿರಲಿಲ್ಲ, ಗೆಲ್ಲುವ ಆತುರ ಇತ್ತು. ನಾಳೆ ಆಯೋಗಕ್ಕೂ ಇದನ್ನೇ ಬರೆದುಕೊಡುತ್ತೇನೆ." ಹತ್ತೊಂಬತ್ತು ಹೆಸರನ್ನೂ ಓದಿ ಒಬ್ಬೊಬ್ಬರ ಕ್ಷಮೆ ಕೇಳಿದೆ. ಆಮೇಲೆ ಉಳಿದ ಇಪ್ಪತ್ತೆರಡನ್ನು ಸತ್ತ ವರ್ಷದ ಸಮೇತ ಓದಿದೆ.

ಮೊದಲ ಫೋನು ಮಾಂಸದಂಗಡಿಯ ಮಿಲಾಶಿನನದ್ದು, ಮೇಯರ್ ಕಡೆಯವನು.

"ಒಬ್ರಾದ್, ನಾನು ಬದುಕಿದ್ದೀನಾ ನೋಡಿ ಹೇಳಪ್ಪ. ಹೆಂಡ್ತಿ ಕೇಳ್ತಿದ್ದಾಳೆ."

"ಬದುಕಿದ್ದೀಯ. ಮಂಗಳವಾರ ನೀನು ಕೊಟ್ಟ ಮಾಂಸ ಮಾತ್ರ ಸತ್ತು ಬಹಳ ದಿನ ಆಗಿತ್ತು."

"ತಮಾಷೆ ಇರ್ಲಿ. ಹತ್ತೊಂಬತ್ತು ಸುಳ್ಳಾದ್ಮೇಲೆ ಇಪ್ಪತ್ತೆರಡು ನಿಜ ಅಂತ ಯಾವನು ನಂಬ್ತಾನೆ?"

ಇದು ನ್ಯಾಯವಾದ ಪ್ರಶ್ನೆ. "ನಂಬಬೇಡ," ಅಂದೆ. "ಮಧ್ಯಾಹ್ನ ಸ್ಮಶಾನದ ಗೇಟಿನಲ್ಲಿ ಪಟ್ಟಿ ಹಿಡಿದು ನಿಂತಿರ್ತೀನಿ. ಯಾರು ಬೇಕಾದ್ರೂ ಬಂದು ಕಲ್ಲು ನೋಡಿ, ಸಹಿ ನೋಡಿ."

ಹನ್ನೆರಡರಿಂದ ನಿಂತೆ. ಎದುರಿನ ಕಾಫಿ ಅಂಗಡಿಯಲ್ಲಿ ಮಿಲಾಶಿನನೂ ಅವನ ಪಟಾಲಮ್ಮೂ ನನ್ನನ್ನು ನೋಡಿ ನಗುತ್ತ ಕೂತಿದ್ದರು. ಎರಡು ಗಂಟೆಯಾದರೂ ಒಬ್ಬರೂ ಬರಲಿಲ್ಲ. ಸ್ಮಿಲ್ಯಾ ಹೇಳಿದ್ದೇ ಸರಿಯೇನೋ, ಇದ್ದ ಇಪ್ಪತ್ತೆರಡನ್ನೂ ನಾನೇ ಹಾಳು ಮಾಡಿದೆನೇನೋ ಅನ್ನಿಸಿತು. ಆದರೂ ಅಲ್ಲಿಂದ ಕದಲಲಿಲ್ಲ.

ಎರಡೂವರೆಗೆ ಸ್ತಾನಿಯಾ ಅಜ್ಜಿ ಬಂದಳು, ಸ್ಟೂಲು ಕಂಕುಳಲ್ಲಿಟ್ಟುಕೊಂಡು.

"ನಾನು ಮೇಯರ್‌ಗೇ ವೋಟು ಹಾಕಿದ್ದು," ಅಂದಳು, ಕಾಫಿ ಅಂಗಡಿಗೂ ಕೇಳುವ ಹಾಗೆ. "ಮುಂದಿನ ಸಲಾನೂ ಅವನಿಗೇ ಹಾಕ್ತೀನಿ. ಗೊತ್ತಿರ್ಲಿ."

"ಆಗ್ಲಿ ಅಜ್ಜಿ."

"ಹೋದ ವಾರ ನೀನು ರಾದಿಸಾವನ ಹೆಸರನ್ನೂ ಓದಿದೆ. ನನ್ನದು ಸುಳ್ಳು, ಅವನದ್ದೂ ಸುಳ್ಳೇ ಅಂದ್ಕೊಂಡು ಸುಮ್ನಿದ್ದೆ. ಇವತ್ತು ನನ್ನದು ಸುಳ್ಳು ಅಂತ ನೀನೇ ಹೇಳಿದೆ. ಅವನದ್ದು ಬಿಡ್ಲಿಲ್ಲ. ತೋರಿಸು."

ಪಟ್ಟಿ ಬಿಚ್ಚಿ ಅವಳ ಹೆಸರಿನ ಮೇಲಿನ ಸಾಲು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆ ಸಹಿಯ ಮೇಲೆ ಬೆರಳು ಆಡಿಸಿದಳು.

"ನಲವತ್ತಾರು ವರ್ಷ ಅವನ ಕೈಬರಹ ನೋಡಿದ್ದೀನಿ," ಅಂದಳು. "ಇಷ್ಟು ಚೆನ್ನಾಗಿ ಅವನು ಯಾವತ್ತೂ ಬರೀಲಿಲ್ಲ. ಗುರುವಾರ ವಿಚಾರಣೆ ಎಷ್ಟು ಗಂಟೆಗೆ?"

ಕಾಫಿ ಅಂಗಡಿಯಲ್ಲಿ ನಗು ನಿಂತಿತ್ತು.

"ಹತ್ತಕ್ಕೆ, ಅಜ್ಜಿ."

"ಒಂಬತ್ತಕ್ಕೇ ಮನೆ ಹತ್ರ ಬಾ. ನಂಗೆ ನಡಿಯೋಕೆ ಹೊತ್ತಾಗುತ್ತೆ."