ಬೀಸಣಿಗೆಯ ಮೇಲಿನ ನಗು

ಸೆಕೆಗೆಂದು ಚರ್ಚಿನಲ್ಲಿ ಹಂಚಿದ ಹೊಸ ರಟ್ಟಿನ ಬೀಸಣಿಗೆಗಳ ಮೇಲೆ ಗಂಡನ ಪಟ ಕಂಡು ವರ್ಲೀನ್ ಬೀಸಿಕೊಳ್ಳುವುದನ್ನೇ ನಿಲ್ಲಿಸಿದಳು. ಅಲಬಾಮದ ಆ ಹತ್ತಿಸೀಮೆಯಲ್ಲಿ ಸತ್ತ ದೊಡ್ಡವರನ್ನು ಬೀಸಣಿಗೆಗೆ ಏರಿಸುವುದು ವಾಡಿಕೆ. ಕಪ್ಪು ಜನಕ್ಕೆ ಓಟು ಬೇಕು, ಉಳುವ ನೆಲ ಬೇಕು, ಹೊಡೆಯಲು ಬಂದವನಿಗೆ ತಿರುಗಿ ಹೊಡೆಯುವ ಹಕ್ಕೂ ಬೇಕು ಎಂದು ಊರೂರು ಸುತ್ತಿದ ಏಮಸ್ ಟಾಲಿವರ್ ಈಗ ಅದರ ಮೇಲೆ ಓರೆಗಣ್ಣಲ್ಲಿ ನಗುತ್ತಿದ್ದ. ಐವತ್ತು ವರ್ಷದ ಮೇಲಾದರೂ ಊರಿಗೆ ನೆನಪಾದನಲ್ಲ, ಸದ್ಯ. ಆದರೆ ಇದ್ದದ್ದು ಅರ್ಧ ಪಟ. ಕತ್ತರಿಸಿ ತೆಗೆದ ಉಳಿದರ್ಧದಲ್ಲಿ ಜಗಲಿಯ ಮೇಲೆ, ತೊಡೆಗೆ ಬಂದೂಕು ಅಡ್ಡವಿಟ್ಟುಕೊಂಡು ವರ್ಲೀನ್ ಕೂತಿದ್ದಳು.

ಹೊಸ ಪಾದ್ರಿ ಡೆಸ್ಮಂಡ್ ಮೊಮ್ಮಗನ ವಯಸ್ಸಿನವನು, ಒಳ್ಳೆಯವನೇ. ಬಂದೂಕು ಕಂಡರೆ ಮಕ್ಕಳು ಹೆದರಿಯಾರು ಎಂದು ಕತ್ತರಿಸಿದ್ದನಂತೆ. ಟಾಲಿವರ್ ಸ್ವರ್ಗ ಕಂಡು ನಗುತ್ತಿದ್ದಾರೆ ಎಂದು ಎಲ್ಲರೆದುರು ಹೇಳಿಯೂಬಿಟ್ಟ. ಸ್ವರ್ಗವಂತೆ, ಸುಡುಗಾಡು. ವರ್ಲೀನಳಿಗೆ ಎಂಬತ್ತಮೂರು. ಇವತ್ತು ಬಾಯಿ ಮುಚ್ಚಿಕೊಂಡಿದ್ದರೆ ಅವಳ ಏಮಸ್ ಮುಂದೆಂದಿಗೂ ಯಾರ ತಂಟೆಗೂ ಹೋಗದ ಸಾಧುವಾಗಿಯೇ ಉಳಿಯುತ್ತಿದ್ದ.

ಸಾಕ್ಷಿ ಹೇಳುವ ಹೊತ್ತು ಬಂತು. ಆಗ ಯಾರು ಬೇಕಾದರೂ ಎದ್ದು ಮನಸ್ಸಿನಲ್ಲಿದ್ದದ್ದನ್ನು ಹೇಳಬಹುದು, ಪಾದ್ರಿಯೂ ತಡೆಯುವಂತಿಲ್ಲ. ಮುಂದಿನ ಬೆಂಚು ಹಿಡಿದು ಎದ್ದಳು.

"ಅವ್ರು ನಕ್ಕಿದ್ದು ನನ್ನ ನೋಡಿ ಕಣಪ್ಪಾ. ಬಂದೂಕು ತಿರುಗಾಮುರುಗಾ ಹಿಡ್ಕೊಂಡಿದ್ದೆ. ರಾತ್ರಿ ಒಳಗೆ ಅವ್ರು ನಿದ್ದೆ ಮಾಡ್ಬೇಕಾದ್ರೆ ಹೊರಗೆ ಯಾರಾದ್ರೂ ಕಾವಲಿಗೆ ಎದ್ದಿರ್ಬೇಕಿತ್ತು. ಸೋಮವಾರ ನನ್ನ ಪಾಳಿ."

ಹಿಂದೆಲ್ಲೋ ಕೋಲು ಊರಿದ ಸದ್ದಾಯಿತು. ಹ್ಯಾಟಿ ಬೆಲ್ ಮುದುಕಿ ಎದ್ದಿದ್ದಳು.

"ಮಂಗಳವಾರ ನಂದು," ಎಂದಳು.

ಮಂಡಿನೋವಿನ ಕ್ಲಿಯೋರಾ ಕೂತಲ್ಲೇ ಕೈಯೆತ್ತಿ, ಗುರುವಾರ ತನ್ನದು, ಚಳಿಗೆ ಗಂಡನ ಕೋಟು ಹಾಕಿಕೊಂಡು ಕೂರುತ್ತಿದ್ದೆ ಎಂದಳು. ಉಳಿದವರು ಮಣ್ಣು ಸೇರಿದ್ದರು. ಅವರ ಹೆಸರುಗಳನ್ನು ವರ್ಲೀನಳೇ ಒಂದೊಂದಾಗಿ ಹೇಳಿದಳು, ಶನಿವಾರದವರೆಗೆ.

"ಭಾನುವಾರ?" ಡೆಸ್ಮಂಡ್ ಕೇಳಿದ.

ಭಾನುವಾರ ದೇವರ ದಿನ, ಅವತ್ತು ಬಂದೂಕು ಮುಟ್ಟಬಾರದು ಎಂದು ಹೆಂಗಸರೆಲ್ಲ ಸೇರಿ ತೀರ್ಮಾನಿಸಿದ್ದರು. ಅವತ್ತೊಂದು ದಿನ ದೇವರೇ ಕಾಯುತ್ತಾನೆಂದು ನಂಬಿದ್ದರು. ಏಮಸ್‌ನನ್ನು ಕೊಲ್ಲಲು ಬಂದವರಿಗೂ ಅದು ಗೊತ್ತಿತ್ತು, ಬಂದದ್ದು ಭಾನುವಾರವೇ.

"ಭಾನುವಾರ ಯಾರೂ ಇರ್ಲಿಲ್ಲ," ಎಂದಳು. ಐವತ್ತು ವರ್ಷದಲ್ಲಿ ಇದೊಂದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೇಳಿ ಬೆಂಚಿನ ಮೇಲೆ ಕೂತಳು.

ಪಾದ್ರಿ ಕೆಳಗಿಳಿದು ಬಂದ. ಅವಳ ಪಕ್ಕ ಕೂತು, ಒಣಗಿದ ಆ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ.

"ಪೂರ್ತಿ ಪಟಾನೇ ಹಾಕಿಸ್ತೀನಿ, ಅಮ್ಮಾ," ಎಂದ. "ಭಾನುವಾರ ಇನ್ಮೇಲೆ ನಂದು."