ಕೂಗಳತೆಯ ಎರಡು ದೀಪ

ರಾತ್ರಿ, ಮೀನು ಸೆಳೆಯುವ ದೀಪ ಕಡಲ ನೀರಿಗಿಳಿದ ಮೇಲೆ ಮಾಡುವ ಕೆಲಸವೇನೂ ಇಲ್ಲ, ಕಾಯುವುದೊಂದೇ. ಅಕ್ಕ ದೋಣಿಯ ಅಂಚಿಗೆ ಗಲ್ಲವೂರಿ ಕೆಳಗೆ ನೋಡುತ್ತಿದ್ದಳು. ಹಸಿರು ಬೆಳಕಿಗೆ ಮೊದಲು ಧೂಳಿನಂಥ ಜೀವಿಗಳು ಬಂದವು, ಬಿಸಿಲುಕೋಲಿನಲ್ಲಿ ಕಣಗಳು ಆಡುವ ಹಾಗೆ. ಅವನ್ನು ತಿನ್ನಲು ಉಗುರುದ್ದದ ಮರಿಗಳು, ಮರಿಗಳ ಬೆನ್ನಿಗೆ ಬೆಳ್ಳನೆಯ ಹಿಂಡು. ಹಿಂಡು ದೀಪದ ಸುತ್ತ ಒಂದೇ ದಿಕ್ಕಿಗೆ ತಿರುಗತೊಡಗಿತು. ನೋಡುತ್ತ ಕೂತರೆ ಮೀನು ನಿಂತಿದೆ, ದೋಣಿಯೇ ತಿರುಗುತ್ತಿದೆ ಅನ್ನಿಸುತ್ತಿತ್ತು.

ಕೂಗಳತೆಯಲ್ಲಿ ಇನ್ನೊಂದು ಹಸಿರು ಕಲೆ. ಅದು ತಮ್ಮನ ದೋಣಿ.

ಹಿಂದೆ ಇಬ್ಬರಿಗೂ ಒಂದೇ ದೋಣಿ, ಒಂದೇ ದೀಪ. ಮೀನು ಸೇರಿದ ಮೇಲೆ ದೀಪವನ್ನು ಮೆಲ್ಲಮೆಲ್ಲಗೆ ಮಂಕು ಮಾಡಿದರೆ ಹಿಂಡು ಒತ್ತಾಗಿ ಕೂಡುತ್ತದೆ. ಆಗ ಕೆಳಗೆ ಹಾಸಿದ ಬಲೆಯನ್ನು ಎತ್ತಬೇಕು. ಒಂದು ರಾತ್ರಿ ತಮ್ಮ ಅವಸರಪಟ್ಟು ದೀಪವನ್ನು ತಟ್ಟನೆ ಆರಿಸಿದ. ಹಿಂಡು ಚೆಲ್ಲಾಪಿಲ್ಲಿ. ದಡಕ್ಕೆ ಬಂದು ಹತ್ತು ಜನರೆದುರು ಅಕ್ಕ, "ಇವನ ಕೈಗೆ ದೀಪ ಕೊಡೋದೂ ಒಂದೇ, ಕಡಲಿಗೆ ಕಲ್ಲು ಹಾಕೋದೂ ಒಂದೇ" ಅಂದುಬಿಟ್ಟಳು. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಬೇರೆ ದೋಣಿ ಮಾಡಿಕೊಂಡ, ಮಾತು ಬಿಟ್ಟ. ಮಾತು ಬಿಟ್ಟರೂ ಕೂಗಳತೆ ಬಿಟ್ಟು ಹೋದವನಲ್ಲ. ಇಬ್ಬರ ನಡುವೆ ಸುದ್ದಿ ಹೊರುತ್ತಿದ್ದವಳು ಅವನ ಹೆಂಡತಿ. "ನಾನೇನು ನಿಮ್ಮ ಅಂಚೆಯವಳಾ?" ಎಂದು ಗೊಣಗುತ್ತಲೇ ಹೊರುತ್ತಿದ್ದಳು.

ಅಕ್ಕ ಬಲೆಯ ಹಗ್ಗ ಎಳೆದು ನೋಡಿದಳು. ಅದು ಹಗುರಾಗಿ, ಎಳೆದಷ್ಟೂ ಮೇಲೆ ಬಂತು. ತುದಿ ಬಿಚ್ಚಿದ ಜಡೆಯಂತೆ ಕೆದರಿತ್ತು. ತಳದ ಬಂಡೆಗೆ ತೇಯ್ದು ಹಗ್ಗ ಕಡಿದುಹೋಗಿತ್ತು. ಬಲೆ ಕಡಲಿನ ಪಾಲು. ಅದರ ಅರಿವಿಲ್ಲದೆ ಹಿಂಡು ದೀಪವನ್ನು ಸುತ್ತುತ್ತಲೇ ಇತ್ತು.

ಅಪ್ಪನ ಕಾಲದಲ್ಲಿ ಹಿಂಡನ್ನು ದೋಣಿಯಿಂದ ದೋಣಿಗೆ ದಾಟಿಸುವುದನ್ನು ಅವಳು ಕಂಡಿದ್ದಳು. ಒಂದು ದೀಪದ ಬೆಳಕು ಇಳಿಯಬೇಕು, ಇನ್ನೊಂದರದು ಏರಬೇಕು. ಆದರೆ ಹಾಗೆ ದಾಟಿಸಲು ಆಚೆಯವನನ್ನು ಮೊದಲು ಕೂಗಬೇಕು.

"ತಮ್ಮಾ!"

"ಏನಕ್ಕಾ?" ಅಂದವಳು ಆಚೆ ದೋಣಿಯಲ್ಲಿದ್ದ ಅವನ ಹೆಂಡತಿ.

"ನನ್ನ ಬಲೆ ಹೋಯ್ತು ಕಣೇ. ಕೆಳಗೆ ಮೀನು ತುಂಬಿದೆ. ದಾಟಿಸ್ತೀನಿ ಅಂತ ಹೇಳು ಅವನಿಗೆ."

ಆಚೆ ಗುಸುಗುಸು. "ಕಡಲಿಗೆ ಕಲ್ಲು ಹಾಕೋನಿಗೆ ಯಾಕೆ ಕೊಡ್ತಾಳಂತೆ, ಕೇಳು ಅಂತಿದಾರೆ."

"ಆ ಮಾತು ಆಡಬಾರದಿತ್ತು ಅಂತ ಹೇಳು."

"ಅದನ್ನ ನಾನು ಹೊರಲ್ಲಕ್ಕಾ, ಭಾರ ಜಾಸ್ತಿ. ನೀವೇ ಹೇಳಿ."

ಅಕ್ಕ ಎದ್ದು ನಿಂತಳು. ದೋಣಿ ಸ್ವಲ್ಪ ವಾಲಿತು. "ಆಡಬಾರದಿತ್ತು ಕಣೋ!" ಎಂದು ಕತ್ತಲಿಗೆ ಕೂಗಿದಳು.

ಆಚೆಯ ದೋಣಿ ಸದ್ದಿಲ್ಲದೆ ಹತ್ತಿರ ಸರಿಯಿತು. ಅದರ ಹಸಿರು ಒಂದೆಳೆ ಏರಿತು.

ಅವಳು ತನ್ನ ದೀಪದ ರೆಗ್ಯುಲೇಟರನ್ನು ಕೂದಲೆಳೆಯಷ್ಟು ತಿರುಗಿಸಿದಳು. 'ನಿಧಾನ ಕಣೋ' ಎಂಬ ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು. ಇಲ್ಲಿ ಇಳಿದಷ್ಟು ಅಲ್ಲಿ ಏರಿತು. ಕೆಳಗಿನ ಬೆಳ್ಳಿಯ ಬಳೆ ಸಡಿಲವಾಯಿತು, ಒಂದು ಕಡೆ ಚಾಚಿತು, ದಾರವಾಗಿ ಎರಡು ಬೆಳಕುಗಳ ನಡುವೆ ಹರಿಯತೊಡಗಿತು. ಕೊನೆಯ ಮೀನೂ ಹೋದ ಮೇಲೆ ಅವಳ ದೀಪ ಆರಿತು.

ಇಷ್ಟು ವರ್ಷ ದೀಪದ ಮೇಲೆಯೇ ಕೂತವಳು, ಪಕ್ಕದ ಕತ್ತಲಲ್ಲಿ ನಿಂತು ಅದನ್ನು ನೋಡಿದ್ದೇ ಇಲ್ಲ. ನೀರಿನೊಳಗೆ ಯಾರೋ ಮನೆ ಮಾಡಿಕೊಂಡು, ಯಾರಾದರೂ ಬರಲೆಂದು ಕಿಟಕಿ ತೆರೆದಿಟ್ಟ ಹಾಗಿತ್ತು. ಮೀನು ಯಾಕೆ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ಆ ಬೆಳಕೂ ಇಳಿಯತೊಡಗಿತು. ಎಷ್ಟು ಮೆಲ್ಲಗೆಂದರೆ, ಇಳಿಯುತ್ತಿರುವುದು ಬೆಳಕೋ ತನ್ನ ಕಣ್ಣಿನ ರೆಪ್ಪೆಯೋ ತಿಳಿಯದಷ್ಟು ಮೆಲ್ಲಗೆ. ಹಿಂಡು ಒತ್ತಾಗಿ, ಮುಷ್ಟಿಯಾಗಿ, ಮಿನುಗುತ್ತ ತಿರುಗಿತು.

"ಅಕ್ಕಾ, ಬಲೆ ಎತ್ತಲಾ?"

ಕೇಳಿದ್ದು ಹೆಂಡತಿಯ ದನಿಯಲ್ಲ.

"ನನ್ನ ಕೇಳಬೇಡ. ದೀಪ ನಿನ್ನ ಕೈಲಿದೆ."

"ಹಂಗಾದ್ರೆ ಇನ್ನೂ ಸ್ವಲ್ಪ ಹೊತ್ತು ಇರಲಿ," ಅಂದ ತಮ್ಮ. "ಚೆನ್ನಾಗಿ ತಿರುಗ್ತಿದೆ."

"ಅಬ್ಬಾ! ಅಂಚೆ ಕಚೇರಿ ಮುಚ್ಚಿತು," ಎಂದಳು ಹೆಂಡತಿ.

ಎರಡು ದೋಣಿಗಳೂ ಒಂದರ ಮೈಗೊಂದು ತಾಗಿ ನಿಂತವು. ಮೂವರೂ ಬಗ್ಗಿ ಕೆಳಗೆ ನೋಡುತ್ತಿದ್ದರು.