ರಾಜನಿಗೊಂದು ಡಿಸ್ಕ್, ದೂತನಿಗೊಂದು

ಡೊಂಬಿವಲಿಯ ಕನ್ನಡ ಸಂಘದವರು ಇಷ್ಟು ವರ್ಷ ನಡೆಸಿದ ತಾಳಮದ್ದಳೆಗಳ ವಿಡಿಯೋಗಳೆಲ್ಲ ಕಾರ್ಯದರ್ಶಿ ಹರಿಣಾಕ್ಷಿಯವರ ಮನೆಯ ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಒಂದು ಭಾನುವಾರ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಒಳಗಿನಿಂದ ಟಕ್ ಟಕ್ ಎಂದಿತು. ಹರಿಣಾಕ್ಷಿಯವರ ಎದೆಯೂ ಅದೇ ತಾಳ ಹಿಡಿಯಿತು. ಐರೋಲಿಯ ಐಟಿ ಕಂಪನಿಯಲ್ಲಿರುವ ಗಂಡನ ಸೋದರ ಸೊಸೆ ಸಂಜನಾಳಿಗೆ ಫೋನ್ ಹೋಯಿತು.

ಬಂದು ನೋಡಿದವಳೇ, "ಮಾಮಿ, ಇದು ಗಯಾ ಸಮಝೋ, ಹೋಯ್ತು ಅಂತಲೇ ಲೆಕ್ಕ" ಎನ್ನುತ್ತ ಇದ್ದಬದ್ದದ್ದನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಂಡಳು. ಎಲ್ಲವೂ ಉಳಿಯಿತು.

ಹೊಸದು ಯಾವುದನ್ನು ಕೊಳ್ಳುವುದೆಂದು ಹರಿಣಾಕ್ಷಿಯವರ ಮನೆಯ ಹಜಾರದಲ್ಲೇ ಸಭೆ ಸೇರಿತು. ಗುರುವಪ್ಪನವರೂ ಬಂದರು, ನಾಗರಾಜರೂ ಬಂದರು. ಇಬ್ಬರೂ ಸಂಘದ ದೊಡ್ಡ ಅರ್ಥಧಾರಿಗಳು, ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುವವರು; ಆದರೆ ಇಬ್ಬರ ನಡುವೆ ಮಾತಿಲ್ಲ. ಪಕ್ಕದೂರು ಕಲ್ಯಾಣದ ಗಣೇಶೋತ್ಸವದ ತಾಳಮದ್ದಳೆಯಲ್ಲಿ ಸಂಧಾನಕ್ಕೆ ಬಂದ ದೂತನಾಗಿ ನಾಗರಾಜರು ಎಷ್ಟು ಮಾತಾಡಿದ್ದರೆಂದರೆ, ರಾಜನಾಗಿದ್ದ ಗುರುವಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಜನ ಊಟಕ್ಕೆ ಎದ್ದಿದ್ದರು.

ಕಳಂಬೋಲಿಯಲ್ಲಿ ಕಬ್ಬಿಣದ ಅಂಗಡಿ ಇರುವ ಗುರುವಪ್ಪನವರು ಹೇಳಿದರು: "ಡಿಸ್ಕ್ ಕೈಯಲ್ಲಿ ಹಿಡಿದರೆ ಭಾರ ಉಂಟಾ ನೋಡಿ. ಹಗುರದ್ದು ಬಾಳುವುದಿಲ್ಲ ಮಾರಾಯ್ರೆ."

ಬೇಲಾಪುರದ ಸರ್ಕಾರಿ ಕಚೇರಿಯ ನಾಗರಾಜರು ಗೋಡೆಯ ಕಡೆ ನೋಡುತ್ತ, "ಹರಿಣಾಕ್ಷಿಯವರೇ, ಕೆಲವರಿಗೆ ತೂಕದ್ದೊಂದೇ ಲೆಕ್ಕ. ವಾರಂಟಿ ಜಾಸ್ತಿ ಇರೋದು ತಗೊಳ್ಳಿ" ಎಂದರು.

ಸಂಜನಾ ನಕ್ಕುಬಿಟ್ಟಳು. "ಅಂಕಲ್, ವಾರಂಟಿಯಲ್ಲಿ ಹೊಸ ಡಿಸ್ಕ್ ಸಿಗ್ತದೆ. ನಿಮ್ಮ ಆವಾಜ್ ವಾಪಸ್ ಸಿಗೋದಿಲ್ಲ. ಯಾವ ಕಂಪನಿದಾದ್ರೂ ಒಂದಿನ ಹೋಗೋದೇ. ಬೇರೆ ಬೇರೆ ಕಂಪನಿದು ಎರಡು ತಗೊಳ್ಳಿ. ಎರಡರಲ್ಲೂ ಎಲ್ಲಾ ಹಾಕಿ, ಎರಡು ಮನೇಲಿ ಇಡಿ."

ಎರಡು ಮನೆ ಎಂದದ್ದೇ ತಡ, ಗುರುವಪ್ಪನವರು ನೆಟ್ಟಗೆ ಕುಳಿತರು. "ಒಂದು ನನ್ನಲ್ಲಿ ಇರಲಿ. ಇನ್ನೊಂದು ಅವರಲ್ಲಿ ಬೇಡ. ನನ್ನ ಅರ್ಥವನ್ನೆಲ್ಲ ಒರೆಸಿ ಹಾಕಿಯಾರು!"

"ಅವರು ನನ್ನದನ್ನ ಒರೆಸೋದಿಲ್ಲ ಅಂತ ಯಾರು ಹೇಳ್ತಾರೆ?" ಎಂದರು ನಾಗರಾಜರು.

ಹರಿಣಾಕ್ಷಿಯವರಿಗೆ ರೇಗಿತು. ಇಷ್ಟು ವರ್ಷ ಕ್ಯಾಮೆರಾದ ಹಿಂದೆ ನಿಂತು ಕಾಲು ಸವೆಸಿದವರು ಅವರು. "ಇಬ್ಬರಿಗೂ ಒಂದೊಂದು" ಎಂದು ತೀರ್ಪು ಕೊಟ್ಟರು. "ತಿಂಗಳಿಗೊಮ್ಮೆ ಇಬ್ಬರೂ ಡಿಸ್ಕ್ ಹಿಡಿದು ಇಲ್ಲಿಗೆ ಬರಬೇಕು. ಯಾರದ್ದರಲ್ಲಿ ಎಂತ ಕಮ್ಮಿಯಾಗಿದೆ ಅಂತ ಎಲ್ಲರೂ ಕೂತು ನೋಡುವ."

ಮೊದಲ ತಿಂಗಳು ಇಬ್ಬರೂ ಸೋಫಾದ ಎರಡು ತುದಿ ಹಿಡಿದರು. ತಮ್ಮ ಪಾತ್ರ ಪೂರ್ತಿ ಇದೆಯೇ ಎಂದು ನೋಡಬೇಕಾದರೆ ಎದುರಾಳಿಯ ಮಾತನ್ನೂ ಕೇಳಲೇಬೇಕು. ಕಲ್ಯಾಣದ ತಾಳಮದ್ದಳೆ ಬಂತು. ಪರದೆಯ ಮೇಲೆ ದೂತ ಮಾತಾಡಿದ, ಮಾತಾಡಿದ, ಇನ್ನೂ ಮಾತಾಡಿದ. ನಾಗರಾಜರೇ ಕೊಸರಾಡಿದರು. ಕಡೆಗೆ ತಡೆಯಲಾರದೆ, ಗೋಡೆಯನ್ನು ಬಿಟ್ಟು ನೇರವಾಗಿ ಗುರುವಪ್ಪನವರತ್ತ ತಿರುಗಿ, "ಇಷ್ಟುದ್ದ ಆಯ್ತೇನ್ರೀ?" ಎಂದರು.

"ಉದ್ದ ಆಯಿತು. ಆದರೆ ನಿಮ್ಮ ಆ ಕೊನೆಯ ಮಾತು ಉಂಟಲ್ಲ, ಅದಕ್ಕೆ ನನ್ನಲ್ಲಿ ಅಂದು ಉತ್ತರ ಇರಲಿಲ್ಲ."

"ಇವತ್ತು ಇದೆಯೋ?"

"ಇಲ್ಲದೆ ಎಂತ!" ಗುರುವಪ್ಪನವರು ಶಲ್ಯ ಸರಿಪಡಿಸಿಕೊಂಡು ಸೋಫಾದಲ್ಲೇ ರಾಜನಾದರು.

ಹರಿಣಾಕ್ಷಿಯವರು ಟೀವಿಯ ಸದ್ದು ಅಡಗಿಸಿ, ಕ್ಯಾಮೆರಾ ಹುಡುಕಲು ಒಳಗೆ ಓಡಿದರು.